ಧೂಳನ್ನೂ ಮುಟ್ಟಬಾರದು

ಮಂಗಳವಾರ, ಮಧ್ಯಾಹ್ನ

ಫೋನ್ ಎತ್ತಿದರೆ ಹಲೋ ಅನ್ನುವ ಮುಂಚೆಯೇ ಬೈಯುವ ನನ್ನಮ್ಮನಿಗೆ,

ಬೆಳಗಿನಿಂದ ಆರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎಂದಿನಂತೆ ಹಿಟ್ಟಿನ ಡಬ್ಬಿಯ ಪಕ್ಕ ಮರೆತಿರುತ್ತೀಯ. ಅದಕ್ಕೇ ಈ ಪತ್ರವನ್ನು ಆಫೀಸಿನ ಜೀಪ್ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸೋಣ ಅಂತ ಬರೆಯುತ್ತಿದ್ದೇನೆ.

ಗಣಿಯ ಹೊಗೆಗೆ ಹೆದರಿ ಜನ ಒಂದೇ ದಿನದಲ್ಲಿ ಬಿಟ್ಟೋಡಿದ ಈ ಊರನ್ನು ನಮ್ಮ ಆಫೀಸಿನವರು ಇಪ್ಪತ್ತಾರು ವರ್ಷಗಳಿಂದ ಹಾಗೇ ಕಾಪಾಡಿದ್ದಾರೆ. ಇಲ್ಲಿ ಏನನ್ನೂ ಮುಟ್ಟುವಂತಿಲ್ಲ, ಧೂಳನ್ನೂ. ವರ್ಷಕ್ಕೊಮ್ಮೆ ನಾನು ಪ್ರತಿ ವಸ್ತುವಿನ ಫೋಟೊ ತೆಗೆದು, ಹಳೆಯದರ ಜೊತೆ ಹೋಲಿಸಿ, ಏನೂ ಅಲುಗಿಲ್ಲ ಎಂದು ಬರೆದುಕೊಡಬೇಕು. ಗುರುತಿಗೆಂದು ಪ್ರತಿ ಮನೆಯ ಬಾಗಿಲ ಹಿಂದಿನ ಮೊಳೆಯಿಂದ ಹಳೆಯದನ್ನು ತೆಗೆದು ಆ ವರ್ಷದ ಒಂದು ಪ್ರಿಂಟ್ ನೇತುಹಾಕಿ ಬರುತ್ತೇನೆ. ಸತ್ತ ಊರಿಗೆ ಹಾಜರಿ ಕೂಗುವ ಮೇಷ್ಟ್ರು ಎಂದು ನೀನು ಅಣಕಿಸುತ್ತೀಯಲ್ಲ, ಅದೇ ಕೆಲಸ. ಬಿಟ್ಟು ಬಾ ಎಂದು ನೀನು ಪ್ರತಿ ವರ್ಷವೂ ಯಾಕೆ ಗೋಗರೆಯುತ್ತಿದ್ದೆ ಎಂದು ಇವತ್ತು ತಿಳಿಯಿತು.

ಹದಿನಾಲ್ಕನೇ ಮನೆಯ ಮೇಜಿನ ಮೇಲಿನ ಕನ್ನಡಕ ಈ ಸಲ ತೆರೆದಿತ್ತು. ನನ್ನ ಹತ್ತಿರವಿರುವ ಹೋದ ವರ್ಷದ ಪ್ರತಿಯಲ್ಲಿ ಅದು ಮಡಚಿದೆ. ಕಾವಲುಗಾರ ಅಜ್ಜನನ್ನು ಕೇಳಿದರೆ, ತಾನು ಆ ಹೊಸ್ತಿಲು ದಾಟೇ ಇಲ್ಲ ಎಂದು ಆಣೆ ಹಾಕಿದ. ಇಲಿ ಇರಬೇಕು ಬಿಡಿ ಎಂದು ನಕ್ಕೆ.

ನಿನಗೆ ಹೇಳದ ಮಾತೊಂದಿದೆ. ಆ ಮನೆಯ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ. ಚಿಲಕಕ್ಕೆ ಬಟ್ಟೆ ಸುತ್ತಿ ಮೂರು ಗಂಟು. ಇಷ್ಟು ವರ್ಷ ಧೂಳಿನಡಿ ಗುರುತಾಗದ್ದು ಇವತ್ತು ಹತ್ತಿರದಿಂದ ನೋಡಿದಾಗ ಗುರುತಾಯಿತು. ಹಳದಿ ಚುಕ್ಕಿಯ ನೀಲಿ ಬಟ್ಟೆ, ನೀನು ಪೆಟ್ಟಿಗೆಯಲ್ಲಿಟ್ಟಿರುವ ನನ್ನ ಪುಟ್ಟ ಫ್ರಾಕಿನದೇ. ಅದರ ಅಂಚು ಯಾಕೆ ಹರಿದಿದೆ ಎಂದು ನಾನು ಕೇಳಿದಾಗಲೆಲ್ಲ ನೀನು ಮಾತು ಮರೆಸುತ್ತಿದ್ದೆ. ಅಪ್ಪ ಯಾವುದೋ ಗಣಿಯಲ್ಲಿ ಸತ್ತ ಎಂದಿದ್ದೆ. ನಾವು ಈ ಊರಿನವರು ಎಂದು ಒಂದು ದಿನವೂ ಹೇಳಲಿಲ್ಲ.

ಅಮ್ಮಾ, ನಾನು ನಿನ್ನನ್ನು ದೂರುತ್ತಿಲ್ಲ. ಅಪ್ಪನಿಗೆ ಸಿಟ್ಟು ನೆತ್ತಿಗೇರಿದಾಗ ನೀನು ನನ್ನನ್ನು ಮಂಚದ ಕೆಳಗೆ ತಳ್ಳಿ ಅಡ್ಡ ಕೂರುತ್ತಿದ್ದದ್ದು, ನಿನ್ನ ತುಟಿಯ ರಕ್ತ, ಎಲ್ಲ ನೆನಪಿದೆ. ಹೊಗೆ ಬಂದ ದಿನ, ನನ್ನನ್ನು ಎತ್ತಿಕೊಂಡು ಓಡುವ ಮುಂಚೆ ನೀನು ಅಪ್ಪನನ್ನು ಒಳಗೆ ಬಿಟ್ಟು ಆ ಚಿಲಕ ಹಾಕಿದೆ. ಆಮೇಲೆ, ಕೊಂದುಬಿಟ್ಟೆ ಎಂದು ಒಳಗೊಳಗೇ ಕೊರಗಿದೆ. ಆ ಭಾರ ಇಳಿಸು. ಮೊದಲ ಸಲ ನಿಯಮ ಮುರಿದು ಗಂಟು ಬಿಚ್ಚಿ ನೋಡಿದೆ. ಕೋಣೆ ಖಾಲಿ. ಕಿಟಕಿಯ ಸರಳುಗಳು ಒಳಗಿನಿಂದ ಹೊರಕ್ಕೆ ಬಾಗಿವೆ. ನೀನು ಯಾರನ್ನೂ ಕೊಂದಿಲ್ಲ.

ಇಂತಿ ನಿನ್ನ ಮುದ್ದಿನ,
ಹಾಜರಿ ಮೇಷ್ಟ್ರು

ತಾ.ಕ.: ಈ ವರ್ಷದ ಪ್ರಿಂಟ್ ನೇತುಹಾಕಲು ಆ ಮನೆಯ ಬಾಗಿಲು ಸರಿಸಿದೆ. ಮೊಳೆ ಖಾಲಿ, ಹೋದ ವರ್ಷದ್ದು ಇಲ್ಲ. ಫೋಟೊ ತೆಗೆದವರ ವಿಳಾಸವನ್ನು ಹಿಂಬದಿಯಲ್ಲಿ ಬರೆಯುವುದು ನಮ್ಮ ಪದ್ಧತಿ. ನನಗೆಲ್ಲಿದೆ ಸ್ವಂತ ಮನೆ? ಅದರ ಹಿಂದೆಯೂ ನಿನ್ನ ಮನೆಯದನ್ನೇ ಬರೆದಿದ್ದೆ. ಪತ್ರ ಡ್ರೈವರಿಗೆ ಕೊಡುತ್ತಿಲ್ಲ, ನಾನೇ ಜೀಪ್ ಹತ್ತುತ್ತಿದ್ದೇನೆ. ಈಗ ಏಳನೇ ಸಲ ಫೋನ್ ಮಾಡಿದೆ. ಎತ್ತಿದರು. ಆದರೆ ಯಾರೂ ಬೈಯಲಿಲ್ಲ.