ಸೋಡಾ ಚಮಚ

ರಸ್ಕಣ್ಣನಿಗೆ,

ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರು ಮಾಡುವುದು ಪದ್ಧತಿ. ಇಲ್ಲಿ ಎಲ್ಲರೂ ಕ್ಷೇಮವಾಗಿಲ್ಲ. ನಿನ್ನ ಕ್ಷೇಮವಂತೂ ದಿನಾ ಬೆಳಿಗ್ಗೆ ಏಳು ಗಂಟೆಗೆ ಫೋನಿನಲ್ಲಿ, ನಿನ್ನ ಆರೋಗ್ಯದ ವಿಡಿಯೋದಲ್ಲಿ ಕಾಣುತ್ತದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆನ್ನ ಹಿಂದೆ ಕುಂಡದ ಗಿಡ, ಎದುರಿಗೆ ಗಾಜಿನ ಲೋಟ. ನೋಡುವವರೆಲ್ಲ ನಿನ್ನನ್ನು ಗುರುಗಳೇ ಎನ್ನುತ್ತಾರೆ. ನನಗೆ ಮಾತ್ರ ನೀನು ಹಲ್ಲು ಬರುವಾಗ ಅಪ್ಪನ ಬೇಕರಿಯ ರಸ್ಕನ್ನೆಲ್ಲ ಚೀಪಿ ಆ ಹೆಸರು ಸಂಪಾದಿಸಿದ ರಸ್ಕಣ್ಣನೇ. ಫೋನ್ ಮಾಡಿದರೆ "ಆಮೇಲೆ ಮಾತಾಡೋಣ ಕಣೇ" ಅನ್ನುತ್ತೀಯ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತು ಪೂರ್ತಿ ಓದು.

ಮೊದಲು ಹಳೆಯ ಸಿಟ್ಟು. ಮೂರು ವರ್ಷದ ಹಿಂದೆ "ನಿಮ್ಮ ಅಡುಗೆಮನೆಯ ಐದು ಬಿಳಿ ವಿಷಗಳು" ಅಂತ ಒಂದು ವಿಡಿಯೋ ಮಾಡಿದೆಯಲ್ಲ. ಮೈದಾ, ಸಕ್ಕರೆ, ಉಪ್ಪು, ಸೋಡಾ, ಈಸ್ಟ್. ಐದನ್ನೂ ಐದು ಬಟ್ಟಲಲ್ಲಿ ಇಟ್ಟು, ಒಂದೊಂದಕ್ಕೂ ಮೂಗು ಮುಚ್ಚಿಕೊಂಡೆ. ಆ ಐದೂ ಸೇರಿಯೇ ನಿನ್ನ ಶಾಲೆಯ ಚೀಲ, ನಿನ್ನ ಕನ್ನಡಕ, ನಿನ್ನ ಕಾಲೇಜು ಎಲ್ಲ ಆಗಿದ್ದು. ಅದು ನಿನಗೆ ಗೊತ್ತಿಲ್ಲದ್ದೇನಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಕಟ್ಟಿದವರು ನಿನ್ನಂಥ ಒಬ್ಬ ಮಗನನ್ನು ನೋಡಿರಬೇಕು.

ಮಾರನೆಯ ದಿನದಿಂದ ನಮ್ಮ ಬೇಕರಿಯ ಗಾಜಿನ ಕಪಾಟಿನ ಮುಂದೆ ನಿಂತವರೆಲ್ಲ ಅದರ ಬಗ್ಗೆಯೇ ಕೇಳತೊಡಗಿದರು. ದಿನಾ ಬನ್ ಒಯ್ಯುವ ಟೀಚರ್ ಕೂಡ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು, "ಬೇಜಾರು ಮಾಡ್ಕೋಬೇಡಮ್ಮ, ಇದಕ್ಕೆ ಹಾಕೋದನ್ನೆಲ್ಲ ತಿನ್ನಬಹುದಾ?" ಅಂದರು. ನಾನು ಸುಳ್ಳು ಹೇಳಲಿಲ್ಲ. ಹಸಿ ಹಿಟ್ಟು ತಿನ್ನಬೇಡಿ, ಬೇಯದ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ಕ್ರಿಮಿ ಇರಬಹುದು ಅಂದೆ. ಅಪ್ಪ ಇದ್ದಾಗ ಕಲಸಿದ ಹಿಟ್ಟನ್ನು ನಾಲಿಗೆಗೆ ಹಚ್ಚಿ ಹದ ನೋಡುತ್ತಿದ್ದರು, ಆ ರೂಢಿಯನ್ನು ನಾನೇ ನಿಲ್ಲಿಸಿದ್ದೇನೆ ಅಂದೆ. ಸಕ್ಕರೆ ಕಡಿಮೆಯಾದಷ್ಟೂ ಒಳ್ಳೆಯದು, ದಿನಾ ಕೇಕ್ ತಿನ್ನಬೇಡಿ ಎಂದೂ ಹೇಳಿದೆ, ಕೇಕ್ ಮಾರುವವಳು ನಾನೇ ಆದರೂ. ಸೋಡಾ ಮಾತ್ರ ಬಿಸ್ಕತ್ತಿನಲ್ಲಿ ಇರಬೇಕಾದಷ್ಟು ಇದ್ದರೆ ಏನೂ ಮಾಡದು, ಅದು ಉಬ್ಬಿಸುವ ಕೆಲಸ ಮಾಡುತ್ತದೆ ಅಷ್ಟೆ ಅಂದೆ. ಟೀಚರ್ ಕೇಳಿಸಿಕೊಂಡು ಎರಡು ಬನ್ ಹೆಚ್ಚಿಗೆ ಒಯ್ದರು. ಇಷ್ಟು ಉದ್ದದ ಉತ್ತರ ನಿನ್ನ ವಿಡಿಯೋದಲ್ಲಿ ಹಿಡಿಸುವುದಿಲ್ಲ, ಅಲ್ಲವೇ?

ಅದನ್ನು ಆಗಲೇ ಮರೆತಿದ್ದೆ. ಈ ವರ್ಷ ನಿನ್ನ ವಿಷವೇ ನಿನಗೆ ಔಷಧಿಯಾಯಿತು. ಅದೇ ಸೋಡಾ, ಅದೇ ಬಟ್ಟಲು, ಈ ಸಲ ಮೂಗು ಮುಚ್ಚಿಕೊಳ್ಳಲಿಲ್ಲ. "ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಚಮಚ ಅಡುಗೆ ಸೋಡಾ, ಒಂದು ಲೋಟ ನೀರು. ದೇಹದ ಆಮ್ಲವೆಲ್ಲ ತೊಳೆದುಹೋಗುತ್ತೆ, ಮಂಡಿ ನೋವು ಮಾಯ." ಯಾರು ಕುಡಿಯಬಾರದು ಅಂತ ಹೇಳಲಿಲ್ಲ. ಎಷ್ಟು ದಿನ ಅಂತಲೂ ಹೇಳಲಿಲ್ಲ. ಯಾವ ಅಳತೆಯ ಚಮಚ ಅಂತಲೂ ಹೇಳಲಿಲ್ಲ. ಬೇಕರಿಯವನ ಮಗ, ಅಳತೆ ಹೇಳದೆ ಬಾಯಿ ತೆರೆದೆಯಲ್ಲ ಅಣ್ಣ.

ಅಮ್ಮ ನಿನ್ನ ವಿಡಿಯೋ ಹೇಗೆ ನೋಡುತ್ತಾಳೆ ಗೊತ್ತೇ? ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ, ಸೆರಗಿನಿಂದ ಗಾಜು ಒರೆಸಿ, ಎದುರಿಗೆ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ನೀನು "ನಮಸ್ಕಾರ" ಅಂದರೆ ಅವಳೂ ನಮಸ್ಕಾರ ಅನ್ನುತ್ತಾಳೆ. "ಮುಖ ಇಳಿದುಹೋಗಿದೆ, ಊಟ ಸರಿಯಾಗಿ ಮಾಡ್ತಿಲ್ಲ ಇವನು" ಎಂದು ನನಗೆ ವರದಿ ಒಪ್ಪಿಸುತ್ತಾಳೆ. ಅವಳಿಗೆ ಬಿಪಿ ಇದೆ, ಎರಡು ಮಾತ್ರೆ ನುಂಗುತ್ತಾಳೆ, ಉಪ್ಪು ಕಡಿಮೆ ತಿನ್ನಬೇಕು. ಅವಳಿಗೆ ಮಂಡಿ ನೋವೂ ಇದೆ. ಮಗ ಹೇಳಿದ ಮೇಲೆ ಯಾರನ್ನು ಕೇಳುವುದು?

ಅಪ್ಪ ತಗಡಿನವನ ಹತ್ತಿರ ಮಾಡಿಸಿದ ಚಮಚ ನಿನಗೆ ನೆನಪಿದೆಯೇ? ಗಿಡ್ಡ ಹಿಡಿ, ಆಳ ಬಟ್ಟಲು, ಅಂಚಿನಲ್ಲಿ ಒಂದು ಕಚ್ಚು. ಒಂದು ಚಮಚ ಸೋಡಾ, ಒಂದು ತೊಟ್ಟಿ ಬಿಸ್ಕತ್ತಿನ ಹಿಟ್ಟು. ನಲವತ್ತು ವರ್ಷ ಅಮ್ಮ ಅದರಲ್ಲಿ ತುಂಬಿ, ಹೆಬ್ಬೆರಳಿನಿಂದ ಮೇಲ್ಭಾಗ ಸವರಿ, ಹಿಟ್ಟಿಗೆ ಸುರಿದಳು. ಒಂದು ದಿನವೂ ಬಿಸ್ಕತ್ತು ಕಹಿಯಾಗಲಿಲ್ಲ, ಒಂದು ದಿನವೂ ಚಪ್ಪಟೆಯಾಗಲಿಲ್ಲ. ಅವಳ ಲೆಕ್ಕದಲ್ಲಿ ಸೋಡಾ ಅಳೆಯಲು ಇರುವುದು ಅದೊಂದೇ ಚಮಚ. ಚಹಾದ ಚಮಚವನ್ನು ಸೋಡಾ ಡಬ್ಬಕ್ಕೆ ಹಾಕಿದರೆ ನಮಗೆ ಕೈಮೇಲೆ ಏಟು ಬೀಳುತ್ತಿತ್ತು. ಹೋದ ವರ್ಷ ನಾನು ಎಲೆಕ್ಟ್ರಾನಿಕ್ ತಕ್ಕಡಿ ತಂದು, ಆ ಚಮಚವನ್ನು ತೊಳೆದು, ನೆನಪಿಗೆ ಇರಲಿ ಎಂದು ಅವಳ ಕೈಗೇ ಕೊಟ್ಟೆ. ಕೊಟ್ಟವಳು ನಾನೇ. ಅದನ್ನು ನೆನೆದಾಗಲೆಲ್ಲ ನನ್ನ ಮೇಲೂ ಮೈ ಉರಿಯುತ್ತದೆ.

ಒಂಬತ್ತು ದಿನ. ಒಂಬತ್ತು ಬೆಳಿಗ್ಗೆ ಆ ಚಮಚದ ತುಂಬ, ಹೆಬ್ಬೆರಳಿನಿಂದ ಸವರಿ, ನೀರಿಗೆ ಕದಡಿ ಕುಡಿದಿದ್ದಾಳೆ. ಪಾದ ಊದಿದ್ದನ್ನು ನೋಡಿ, ನಿಂತು ನಿಂತು ಊದಿರಬೇಕು ಅಂದುಕೊಂಡೆ. ಬೆರಳು ನಡುಗುವುದನ್ನು ವಯಸ್ಸಿನ ತಲೆಗೆ ಕಟ್ಟಿದೆ. ಹತ್ತನೆಯ ದಿನ, ಬ್ರೆಡ್ಡಿನ ತಟ್ಟೆಗಳು ಹೊರಬರುವ ಹೊತ್ತಿಗೆ, ಅವಳು ನಮ್ಮ ಒಲೆಯಣ್ಣನನ್ನು ನೋಡಿ, "ನೀವು ಯಾರು, ಏನು ಬೇಕಿತ್ತು?" ಅಂದಳು. ಮೂವತ್ತು ವರ್ಷದಿಂದ ನಮ್ಮ ಒಲೆ ಮುಂದೆ ನಿಂತ ಮನುಷ್ಯ. ಅವರು ನಗಲು ಹೋಗಿ ನಿಲ್ಲಿಸಿದರು. ಅಷ್ಟರಲ್ಲಿ ಅವಳು ಹಿಟ್ಟಿನ ಮೂಟೆಯ ಮೇಲೆ ಕುಸಿದಿದ್ದಳು. ಒಲೆಯಣ್ಣನೇ ಎತ್ತಿಕೊಂಡು ಹೊರಗೆ ಓಡಿದರು. ಅವತ್ತಿನ ಬ್ರೆಡ್ಡೆಲ್ಲ ಒಲೆಯಲ್ಲೇ ಸೀದುಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನು ತಿಂತಾರೆ, ಏನು ಕುಡೀತಾರೆ ಎಂದು ಹತ್ತು ಸಲ ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ನೋಡಿದರೆ ಅವಳ ಲೋಟದ ತಳದಲ್ಲಿ ಬಿಳಿ ಗಸಿ, ಪಕ್ಕದಲ್ಲಿ ಚಮಚ. ಎರಡನ್ನೂ ಒಯ್ದೆ. ಡಾಕ್ಟರಮ್ಮ ಆ ಚಮಚಕ್ಕೆ ನೀರು ತುಂಬಿ, ಸಿರಿಂಜಿನಲ್ಲಿ ಎಳೆದು ಅಳೆದರು. ಮೂರು ಟೀ ಚಮಚಕ್ಕೂ ಮೇಲೆ. "ಬಿಪಿ ಇರೋರು ದಿನಾ ಇಷ್ಟು ಕುಡಿದ್ರೆ ಉಪ್ಪು ಮುಕ್ಕಿದ ಹಾಗೆ. ರಕ್ತದ ಹದಾನೇ ಕೆಟ್ಟಿದೆ. ಇನ್ನೆರಡು ದಿನ ಬಿಟ್ಟಿದ್ರೆ ಹೃದಯ ನಿಂತುಬಿಡ್ತಿತ್ತು. ಯಾರಮ್ಮ ಇದನ್ನ ಹೇಳಿಕೊಟ್ಟಿದ್ದು?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ, "ಯಾರೂ ಇಲ್ಲ, ನಾನೇ ಕುಡಿದೆ" ಅಂದಳು. ನಾನು ಯಾರು, ಅದು ಯಾವ ಊರು ಎಂಬುದು ಅವಳಿಗೆ ಆಗ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ನಿನ್ನ ಹೆಸರು ಮುಚ್ಚಿಡಬೇಕು ಎಂಬುದು ಮಾತ್ರ ಗೊತ್ತಿತ್ತು.

ನೀನು ಬರಲಿಲ್ಲ. ಫೋನ್ ಮಾತ್ರ ಮಾಡಿದೆ. ನಾನೇ ಅವಳ ಕಿವಿಗೆ ಹಿಡಿದೆ, ಆದ್ದರಿಂದ ಪ್ರತಿ ಮಾತೂ ನನಗೆ ಕೇಳಿಸಿತು. "ಅಮ್ಮಾ, ನಾನು ಹೇಳಿದ್ದರಲ್ಲಿ ತಪ್ಪಿಲ್ಲ. ನೀನು ಅಳತೆ ತಪ್ಪಿದೆ." ಅಷ್ಟು ಹೇಳಿ, ರೆಕಾರ್ಡಿಂಗ್ ಇದೆ ಎಂದು ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ನಾನು ಬೈದು ಕಳಿಸಿದ್ದಕ್ಕೆ "ಎಲ್ಲರ ದೇಹವೂ ಒಂದೇ ಥರ ಇರಲ್ಲ" ಎಂದು ಉತ್ತರ ಬರೆದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ವಿಡಿಯೋ ಇವತ್ತು ಬೆಳಿಗ್ಗೆಯೂ ಹಾಗೇ ಇತ್ತು, ನೋಡಿದ್ದೇನೆ. ಅದನ್ನು ಇನ್ನೆಷ್ಟು ಜನರ ಅಮ್ಮಂದಿರು ಡಬ್ಬಕ್ಕೆ ಒರಗಿಸಿ ನೋಡುತ್ತಿದ್ದಾರೋ.

ಸೋಡಾ ಮಾಡಿದ್ದನ್ನು ಡಾಕ್ಟರಮ್ಮ ಸರಿಮಾಡಿದರು. ಅಮ್ಮ ಮನೆಗೆ ಬಂದು ಮೂರು ವಾರವಾಯಿತು, ನಡೆಯುತ್ತಾಳೆ, ಒಲೆಯಣ್ಣನನ್ನು ಗುರುತು ಹಿಡಿದು ರೇಗಿಸುತ್ತಾಳೆ. ನಿನ್ನ ಆ ಒಂದು ಮಾತು ಮಾಡಿದ್ದನ್ನು ಸರಿಮಾಡಲು ನನಗೆ ಬರುತ್ತಿಲ್ಲ. ಅವಳು ಹಿಟ್ಟು ಮುಟ್ಟುವುದಿಲ್ಲ. ತಕ್ಕಡಿಯ ಹತ್ತಿರವೂ ಬರುವುದಿಲ್ಲ. "ನನ್ನ ಕೈ ಅಳತೆ ಹೋಯ್ತು, ಅವನೇ ಹೇಳಿದ್ನಲ್ಲ" ಅನ್ನುತ್ತಾಳೆ. ಅವಳ ಕೈ ಎಲ್ಲೂ ಹೋಗಿಲ್ಲ ಅಣ್ಣ. ಒಂಬತ್ತು ದಿನವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಒಂದು ಚಮಚವೇ ಅಳೆದಿದ್ದಾಳೆ. ಅಳತೆ ತಪ್ಪಿದ್ದು ನಿನ್ನ ಬಾಯಿ.

ನಿನ್ನೆ ನಿನಗೆ ಕಾಗದ ಬರೆಯುತ್ತೇನೆ ಅಂದದ್ದೇ ತಡ, ಬಿಸ್ಕತ್ತು ಮಾಡಿ ಜೊತೆಗೆ ಕಳಿಸು ಅಂದಳು ಅಮ್ಮ. ಸ್ಟೂಲ್ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಹೇಳುತ್ತಾ ಹೋದಳು. ನಾನು ಮಾಡಿದೆ. ತಟ್ಟೆ ಹೊರಗೆ ಬಂತು, ತಣ್ಣಗಾಯಿತು. ಅವಳಿಗೊಂದು ಕೊಟ್ಟೆ. ಅದನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಟೀಚರ್ ಕೇಳಿದ್ದರಲ್ಲ, ಅದೇ ದನಿಯಲ್ಲಿ ಕೇಳಿದಳು: "ಇದನ್ನ ತಿನ್ನಬಹುದಾ ಮಗಳೇ?"

ನಲವತ್ತು ವರ್ಷ ಊರಿನ ಮಕ್ಕಳಿಗೆಲ್ಲ ತಿನ್ನಿಸಿದವಳು ನನ್ನನ್ನು ಕೇಳಿದಳು. ನಾನು ಒಲೆಯ ಹಿಂದೆ ಹೋಗಿ ಅತ್ತೆ. ಸಿಟ್ಟಿಗೆ ಅತ್ತದ್ದು, ದುಃಖಕ್ಕೆ ಅಂದುಕೊಳ್ಳಬೇಡ.

ಬಿಸ್ಕತ್ತಿನ ಪೊಟ್ಟಣ ಇದರ ಜೊತೆಗಿದೆ. ತಿನ್ನು, ಏನೂ ಆಗುವುದಿಲ್ಲ. ಅದರ ಕೆಳಗೆ, ಬಟ್ಟೆಯಲ್ಲಿ ಸುತ್ತಿ, ಆ ಚಮಚವನ್ನೂ ಇಟ್ಟಿದ್ದೇನೆ. ಅದನ್ನು ಬೆಳಿಗ್ಗೆ ಏಳು ಗಂಟೆಗೆ ಗಾಜಿನ ಲೋಟದ ಪಕ್ಕ ಇಟ್ಟುಕೊಂಡು, ನಿನ್ನ ಜನಕ್ಕೆ ತೋರಿಸಿ, ಏನಾಯಿತು ಎಂದು ಹೇಳು. ಆಮೇಲೆ ಬಸ್ ಹತ್ತು. ಚಮಚವನ್ನು ಅಂಚೆಯಲ್ಲಿ ವಾಪಸು ಕಳಿಸಿದರೆ ನಾನು ತೆಗೆದುಕೊಳ್ಳುವುದಿಲ್ಲ. ನೀನೇ ತಂದು ಅಮ್ಮನ ಕೈಯಲ್ಲಿ ಇಟ್ಟು, "ತಪ್ಪು ನಂದು, ನಿನ್ನ ಕೈಯದ್ದಲ್ಲ" ಅನ್ನಬೇಕು. ನಾನು ನೂರು ಸಲ ಹೇಳಿದೆ. ಅವಳು ಅದನ್ನು ನಿನ್ನ ಬಾಯಿಂದಲೇ ಕೇಳಬೇಕು.

"ನಿನ್ನ ಹೊಟ್ಟೆ ತಣ್ಣಗಿರಲಿ, ಮಗನೇ." ಇದನ್ನು ಅಮ್ಮ ಪಕ್ಕದಲ್ಲಿ ಕೂತು ಬರೆಸಿದ್ದು. ನಾನಾಗಿ ಬರೆಯುತ್ತಿರಲಿಲ್ಲ.

ಬಾಗಿಲು ತೆಗೆದೇ ಇಟ್ಟಿರುವ,
ನಿನ್ನ ತಂಗಿ