ಐದು ನಿಮಿಷದ ನೀಲಿ

12-11-2006, ಆದಿತ್ಯವಾರ

ಸಮುದ್ರ ಮನೆಗೆ ಬಂತು. ಆರು ಕ್ಯಾನು. ಸೋಮೇಶ್ವರದಿಂದ ಮೆಲ್ಕಾರಿಗೆ, ರುಕ್ಮಯ್ಯನ ರಿಕ್ಷಾದಲ್ಲಿ. ದಾರಿಯುದ್ದಕ್ಕೂ ಅವನದ್ದು ಒಂದೇ ರಾಗ. "ಹಮೀದಾಕ, ಉಪ್ಪುನೀರು ಚೆಲ್ಲಿದ್ರೆ ಗಾಡಿ ತುಕ್ಕು ಹಿಡೀತದೆ ಮಾರಾಯ್ರೆ. ಆ ಮೀನುಗಳನ್ನೇ ಸಮುದ್ರಕ್ಕೆ ಕರ್ಕೊಂಡು ಹೋಗುವ, ಅದು ಸುಲಭ." ಬೈದರೂ ಬರುತ್ತಾನೆ. ಅವನ ಗಾಡಿಯ ಬ್ಯಾಟರಿ ಚಾರ್ಜ್ ಆಗುವುದು ನನ್ನ ಅಂಗಡಿಯಲ್ಲಿ.

ಮೀನಿನ ಟ್ಯಾಂಕಿನ ಹಳೆ ನೀರು ಕಾಲು ಭಾಗ ತೆಗೆದು ಹೊಸತು ಹಾಕಿದೆ. ಮತ್ತೆ ಫಾಸ್ಫೇಟ್ ಟೆಸ್ಟ್. ಟ್ಯೂಬಿಗೆ ಟ್ಯಾಂಕಿನ ನೀರು, ಮದ್ದಿನ ಹನಿ, ಚಿಟಿಕೆ ಪುಡಿ, ಐದು ನಿಮಿಷ. ನೀರು ನೀರಾಗಿಯೇ ಇದ್ದರೆ ಪಾಸ್. ನೀಲಿ ಬಂದರೆ ಫೇಲ್. ನೀಲಿ ಬಂತು. ನಾನು ಆರನೇ ಕ್ಲಾಸಿನಲ್ಲಿ ಫೇಲ್ ಆದಾಗ ಇಷ್ಟು ಚಂದದ ಬಣ್ಣ ಇರಲಿಲ್ಲ.

ವಾರವಾರ ಬರೆದಿಡಿ ಬಾವ ಅಂತ ಅಝೀಮ್ ಹೇಳಿದ್ದಾನೆ. ನನ್ನ ಹೆಂಡತಿ ರಾಫಿಯಾಳ ತಮ್ಮ, ಶಾರ್ಜಾದ ಅಕ್ವೇರಿಯಂ ಅಂಗಡಿಯಲ್ಲಿ ಕೆಲಸ. ರಜೆಯಲ್ಲಿ ಬಂದವನು ಅಕ್ಕನ ಅವಸ್ಥೆ ನೋಡಿದ. ಮಲಗಿದಲ್ಲಿಂದ ನೋಡಲಿಕ್ಕೆ ಏನಾದರೂ ಇರಲಿ ಅಂತ ಈ ಟ್ಯಾಂಕ್ ಇಟ್ಟು ಹೋದ. ಎರಡು ಕಿತ್ತಳೆ ಬಣ್ಣದ ಮೀನು. ಕಲ್ಲಿಗೆ ಅಂಟಿದ ಒಂದು ಮೆತ್ತನೆಯ ಹವಳ, ಅಣಬೆಯ ಹಾಗೆ. ಅರಳಿದರೆ ಮೈಯೆಲ್ಲ ಸಣ್ಣ ಸಣ್ಣ ಬೆರಳಂತೆ. ಫಾಸ್ಫೇಟ್ ಏರಿದರೆ ಮುದುಡುತ್ತದಂತೆ. ಈಗ ಮುದುಡಿಯೇ ಉಂಟು.

ಮೀನಿನಲ್ಲಿ ದೊಡ್ಡದು ಹೆಂಡತಿ. ಸಣ್ಣದು ಗಂಡ, ಯಾವಾಗಲೂ ಹಿಂದೆ ಹಿಂದೆ. "ನೋಡಿ, ನಿಮ್ಮ ಸಂಬಂಧಿಕ" ಅಂದಳು ರಾಫಿಯಾ.

17-11-2006, ಶುಕ್ರವಾರ

ಮಂಗಳೂರು. ಡಯಾಲಿಸಿಸ್. ರಾಫಿಯಾಳದ್ದು ಮಂಗಳವಾರ, ಶುಕ್ರವಾರ. ಟ್ಯಾಂಕಿನದ್ದು ಆದಿತ್ಯವಾರ. ಮನೆಯಲ್ಲಿ ಎರಡು ಕೇಸು.

ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಹೇಳಿದರು, "ಫಾಸ್ಫೇಟ್ ಜಾಸ್ತಿ ಆಗಿದೆ. ಮೀನು, ಹಾಲು, ಬೇಳೆ ಬಂದ್. ಹೀಗೇ ಏರಿದ್ರೆ ಹೃದಯಕ್ಕೆ ಕಷ್ಟ."

"ಡಾಕ್ಟ್ರೇ, ಅದು ನಮ್ಮ ಟ್ಯಾಂಕಿಗೂ ಉಂಟು. ಒಂದೇ ಚೀಟಿಯಲ್ಲಿ ಬರೀರಿ."

ಡಾಕ್ಟರು ನಗಲಿಲ್ಲ. ರಾಫಿಯಾ ನಕ್ಕಳು. ಕೈ ಅಲುಗಿ ಮೆಷಿನ್ ಕುಂಯ್ ಅಂತ ಕೂಗಿತು. ನರ್ಸ್ ನನ್ನನ್ನು ಹೊರಗೆ ಕಳಿಸಿದರು.

ಅವಳಿಗೆ ಊಟದ ಜೊತೆ ಜಗಿಯುವ ಮಾತ್ರೆ. ಟ್ಯಾಂಕಿಗೆ ಅಝೀಮ್ ಕೊಟ್ಟ ಕಂದು ಹರಳು, ಬಟ್ಟೆಯ ಚೀಲದಲ್ಲಿ ಕಟ್ಟಿ ಇಡುವುದು. ಎರಡರ ಕೆಲಸವೂ ಒಂದೇ... ಫಾಸ್ಫೇಟ್ ಹಿಡಿದು ಹಾಕುವುದು.

26-11-2006

ನೀಲಿ ಇನ್ನೂ ದಪ್ಪ. ಬಾವಿ ನೀರಿನದ್ದೇ ಉಪದ್ರ ಅಂತ ನನ್ನ ಲೆಕ್ಕ. ಟ್ಯಾಂಕಿನಲ್ಲಿ ಆರಿ ಕಮ್ಮಿಯಾದಷ್ಟಕ್ಕೆ ಇಷ್ಟು ದಿನ ಅದನ್ನೇ ಹಾಕುತ್ತಿದ್ದೆ; ಇನ್ನು ಅಂಗಡಿಯಲ್ಲಿ ಬ್ಯಾಟರಿಗೆ ಹೊಯ್ಯುವ ಶುದ್ಧ ನೀರೇ ಹಾಕುವುದು. ಮೀನಿಗೆ ಸೆಲ್ಫ್ ಸ್ಟಾರ್ಟ್ ಬರಬಹುದು.

ಅಝೀಮ್ ಫೋನ್. "ಬಾವ, ತಿಂಡಿ ಜಾಸ್ತಿ ಹಾಕ್ತಿದ್ದೀರಾ? ಉಳಿದದ್ದು ಕೊಳೆತರೆ ಫಾಸ್ಫೇಟ್ ಏರ್ತದೆ."

"ಚಿಟಿಕೆ ಮಾರಾಯ. ಅವುಗಳಿಗೆ ಬಾಯಿ ಬಂದರೆ ನನ್ನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡ್ತವೆ."

ಮನೆಯಲ್ಲಿ ಮೀನು ಬೇಯಿಸುವುದು ಬಿಟ್ಟೆವು. ನಾನು ಮಧ್ಯಾಹ್ನ ಹೋಟೆಲಿನಲ್ಲಿ ತಿಂದೆ. ಸೋಪು ಹಾಕಿ ಕೈ ತೊಳೆದು ಬಂದೆ. ರಾಫಿಯಾ ಮಲಗಿದಲ್ಲಿಂದಲೇ, "ಬಂಗುಡೆ. ಹುಳಿ ಜಾಸ್ತಿ ಆಗಿದೆ" ಅಂದಳು.

ಮೈಯೆಲ್ಲ ತುರಿಕೆ ಅವಳಿಗೆ. ಅದೂ ಫಾಸ್ಫೇಟಿನದ್ದೇ ಅಂತೆ. ಬೆನ್ನಿಗೆ ತೆಂಗಿನೆಣ್ಣೆ ತಿಕ್ಕಿದೆ. ಬೆನ್ನು ಎಲ್ಲಿ ಹೋಯಿತು ಅಂತ ಹುಡುಕಬೇಕು, ಅಷ್ಟು ಸಪೂರ.

14-12-2006, ಗುರುವಾರ

ಕಳ್ಳಿ ಸಿಕ್ಕಿಬಿದ್ದಳು.

ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಬೇಗ ಮನೆಗೆ ಬಂದೆ. ಕಿಟಕಿಯಿಂದ ನೋಡಿದರೆ ರಾಫಿಯಾ ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಬರುತ್ತಿದ್ದಾಳೆ. ಮುಷ್ಟಿಯಲ್ಲಿ ಒಣ ಸಿಗಡಿ. ಸೋಫಾದ ತುದಿಯಲ್ಲಿ ಕೂತು, ಅಂಗೈಯಲ್ಲೇ ಪುಡಿ ಮಾಡಿ ಟ್ಯಾಂಕಿಗೆ ಹಾಕಿದಳು. ಹಿಡಿ ತುಂಬ.

"ತಿನ್ನಿ, ತಿನ್ನಿ. ಅವರು ಬರುವ ಮೊದಲು ಮುಗಿಸಿ. ನನಗೆ ಬೇಡ ಅಂತೆ, ನಿಮಗೂ ಬೇಡ ಅಂದರೆ ಹೇಗೆ? ಹಸಿದ ಬಾಯಿ ನೋಡಿಕೊಂಡು ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ."

ಮೀನುಗಳು ಅವಳ ಬೆರಳಿಗೇ ಬಾಯಿ ಹಚ್ಚುತ್ತಿದ್ದವು. ಅವಳ ಮುಖ... ಮದುವೆಮನೆಯಲ್ಲಿ ಬಡಿಸುವಾಗ ಇರುತ್ತಿತ್ತಲ್ಲ, ಆ ಮುಖ. ನೋಡಿ ಎಷ್ಟು ಕಾಲ ಆಯಿತು.

ಒಳಗೆ ಹೋಗಲಿಲ್ಲ. ಸ್ಕೂಟರ್ ತಳ್ಳಿಕೊಂಡು ಗೇಟಿನ ಹೊರಗೆ ಹೋದೆ. ಜೋರಾಗಿ ಹಾರ್ನ್ ಹೊಡೆದೆ. ನಿಧಾನಕ್ಕೆ ಬಂದೆ. ಅವಳು ಮಲಗಿದ್ದಳು, ಕಣ್ಣು ಮುಚ್ಚಿ. ಕೈಯಲ್ಲಿ ಸಿಗಡಿ ವಾಸನೆ.

15-12-2006

ಡಬ್ಬಿಯಲ್ಲಿ ತಳ ಕಾಣುತ್ತಿತ್ತು. ಪಾಣೆಮಂಗಳೂರಿನಿಂದ ಒಣ ಸಿಗಡಿ ತಂದು ತುಂಬಿಸಿದೆ. ಡಬ್ಬಿ ಮೇಲಿನ ಶೆಲ್ಫಿನಲ್ಲಿತ್ತು. ಕೈ ಎತ್ತಿದರೆ ಅವಳಿಗೆ ತಲೆ ತಿರುಗುತ್ತದೆ. ಕೆಳಗೆ ಇಟ್ಟೆ.

ಕಂದು ಹರಳು ಡಬಲ್ ಹಾಕಿದೆ. ಸೋಮೇಶ್ವರದ ನೀರೇ ಸರಿ ಇಲ್ಲ ಅಂತ ಅಝೀಮನಿಗೆ ಹೇಳಿದೆ.

2-1-2007

ಬಕ್ರೀದ್ ಮುಗಿಯಿತು. ಮನೆಮನೆಯಿಂದ ಮಾಂಸ ಬಂತು. ಅವಳು ಒಂದೊಂದನ್ನೂ ಮುಚ್ಚಳ ತೆಗೆದು ನೋಡಿ, ಯಾರಿಗೆ ಎಷ್ಟು ಕೊಡಬೇಕು ಅಂತ ಹೇಳಿ ಹಂಚಿಸಿದಳು. ಅವಳು ತಿಂದದ್ದು ಎರಡು ತುತ್ತು ಬಿಳಿ ಅನ್ನ, ಒಂದು ಮಾತ್ರೆ.

ಆಮೇಲೆ ಕೇಳಿದಳು. "ಆ ಡಬ್ಬಿ ಕೆಳಗೆ ಯಾಕೆ ಇಟ್ಟಿದ್ದೀರಿ?"

"ಇಲಿಗೆ ಅನುಕೂಲ ಆಗಲಿ ಅಂತ."

"ಇಲಿಗೆ ವಯಸ್ಸಾಗಿದೆ" ಅಂದಳು. ಇಬ್ಬರೂ ನಕ್ಕೆವು. ಅಷ್ಟೇ.

16-1-2007, ಮಂಗಳವಾರ

ರಿಪೋರ್ಟ್ ಸರಿ ಇಲ್ಲ. ಡಾಕ್ಟರು ನನ್ನನ್ನು ಮಾತ್ರ ಒಳಗೆ ಕರೆದರು. ಹೃದಯ ಸೋಲುತ್ತಿದೆ ಅಂತೆ. ಇನ್ನು ಮಾತ್ರೆಯಿಂದ ದೊಡ್ಡ ಉಪಕಾರ ಇಲ್ಲ ಅಂತೆ. ಇನ್ನೂ ಏನೋ ಹೇಳಿದರು. ಗೋಡೆಯಲ್ಲಿದ್ದ ಕ್ಯಾಲೆಂಡರ್ ಹಳೇ ವರ್ಷದ್ದು. ಅದನ್ನೇ ನೋಡುತ್ತಿದ್ದೆ.

"ಎಷ್ಟಂತೆ?" ರಾಫಿಯಾ ಕೇಳಿದಳು.

"ಕಮ್ಮಿ."

ಸಂಜೆ ಟ್ಯಾಂಕಿನ ಟೆಸ್ಟ್ ಮಾಡಿದೆ. ಶಾಲೆಗೆ ಹೋಗುವ ಮಕ್ಕಳ ಶಾಯಿಯ ಹಾಗೆ ನೀಲಿ.

"ಇದು?"

"ಇದೂ ಕಮ್ಮಿ."

"ಇಷ್ಟು ನೀಲಿ ಇದ್ದೂ?"

"ಈ ಕಂಪೆನಿಯದ್ದು ಬಣ್ಣವೇ ಸರಿ ಇಲ್ಲ."

"ನಿಮಗೆ ಸುಳ್ಳು ಹೇಳಲಿಕ್ಕೆ ಇನ್ನೂ ಬರುವುದಿಲ್ಲ" ಅಂದಳು. ಮತ್ತೆ ಹವಳ ತೋರಿಸಿ, "ಪಾಪ, ಇದು ಅರಳಲಿಲ್ಲ. ನನ್ನಿಂದಾಗಿ" ಅಂದಳು.

"ಅದಕ್ಕೆ ಸೋಮಾರಿತನ" ಅಂದೆ.

1-2-2007

ಬೆಳಿಗ್ಗೆ ಉಸಿರು ಸಿಗಲಿಲ್ಲ. ರುಕ್ಮಯ್ಯ ಗಾಡಿ ತಂದ. ಹೊಂಡ ತಪ್ಪಿಸಿ ತಪ್ಪಿಸಿ ಓಡಿಸಿದ. ಅಡ್ಮಿಟ್.

ಮೂಗಿಗೆ ಆಕ್ಸಿಜನ್. ಅದನ್ನು ಪಕ್ಕಕ್ಕೆ ಸರಿಸಿ ಕೇಳಿದ್ದು ಒಂದೇ, "ಅವುಗಳಿಗೆ ಹಾಕಿದಿರಾ?"

ಹಾಕಿದೆ ಅಂದೆ. ಹಾಕಿರಲಿಲ್ಲ.

11-3-2007, ಆದಿತ್ಯವಾರ

ರಾಫಿಯಾ ಹೋಗಿ ತಿಂಗಳು ದಾಟಿತು. ಬರೆಯಲಿಕ್ಕೆ ಕೂತರೆ ಆಗುತ್ತಿರಲಿಲ್ಲ.

ಅಝೀಮ್ ಬಂದಿದ್ದ. ಇದ್ದಷ್ಟು ದಿನ ಟ್ಯಾಂಕ್ ಅವನೇ ನೋಡಿದ. ಗಾಜು ಉಜ್ಜಿದ್ದೇ ಉಜ್ಜಿದ್ದು. ನಿನ್ನೆ ವಾಪಸ್ ಹೋದ.

ಹೋಗುವ ಮೊದಲು ಟ್ಯೂಬ್ ಎತ್ತಿ ತೋರಿಸಿದ. "ನೋಡಿ ಬಾವ, ಕ್ಲಿಯರ್! ಇಷ್ಟು ದಿನ ಪ್ರಾಬ್ಲಮ್ ಏನಿತ್ತು?"

"ನೀರಿನದ್ದು" ಅಂದೆ.

ಹವಳ ಅರಳಿದೆ. ಅಂಗೈಯಷ್ಟು ಅಗಲ. ಸಾವಿರ ಬೆರಳು, ಎಲ್ಲವೂ ಅಲುಗುತ್ತವೆ. ಚಂದ ಉಂಟು. ತುಂಬ ಚಂದ ಉಂಟು. ನೋಡಲಿಕ್ಕೆ ಆಗುವುದಿಲ್ಲ. ಟ್ಯಾಂಕಿನ ಲೈಟ್ ಆಫ್ ಮಾಡಿದೆ.

18-3-2007

ಟೆಸ್ಟ್. ಟ್ಯೂಬಿನಲ್ಲಿ ಏನೂ ಇಲ್ಲ. ಬರಿ ನೀರು. ಪಾಸ್.

ಮೀನುಗಳಿಗೆ ನಾನು ಈ ಬದಿಯಿಂದ ಹಾಕಿದರೆ ಬರುವುದಿಲ್ಲ. ಸೋಫಾದ ಬದಿಯ ಗಾಜಿಗೆ ಮೂಗು ಒತ್ತಿ ನಿಲ್ಲುತ್ತವೆ. ಹೆಂಡತಿ ಮುಂದೆ, ಗಂಡ ಹಿಂದೆ.

ಒಂದು ಜೋಕ್ ಹೇಳುವ ಅಂತ ಬಾಯಿ ತೆರೆದೆ. ಕೇಳುವವರು ಬೇಕಲ್ಲ.

25-3-2007, ಆದಿತ್ಯವಾರ

ಇವತ್ತು ಡಬ್ಬಿ ತೆಗೆದೆ. ಅರ್ಧ ಉಂಟು, ಅವಳು ಬಿಟ್ಟು ಹೋದಷ್ಟು. ಸೋಫಾದ ತುದಿಯಲ್ಲಿ ಕೂತೆ, ಅವಳು ಕೂರುತ್ತಿದ್ದಲ್ಲಿ. ಅಂಗೈಯಲ್ಲಿ ಪುಡಿ ಮಾಡಿದೆ. ಹಿಡಿ ತುಂಬ ಹಾಕಿದೆ. ತಿನ್ನಿ, ತಿನ್ನಿ ಅಂದೆ. ಬಂದವು. ಬೆರಳಿಗೆ ಬಾಯಿ ಹಚ್ಚಿದವು.

ಅಝೀಮನಿಗೆ ಗೊತ್ತಾದರೆ ಶಾರ್ಜಾದಿಂದಲೇ ಬೈದಾನು. ಬೈಯಲಿ.

ಸಂಜೆ ಟೆಸ್ಟ್‌ಗೆ ಇಟ್ಟಿದ್ದೇನೆ. ಹನಿ ಹಾಕಿ ಆಯಿತು, ಪುಡಿ ಹಾಕಿ ಆಯಿತು. ಐದು ನಿಮಿಷ ಬೇಕು. ಟ್ಯೂಬ್ ಇಲ್ಲೇ ಡೈರಿಯ ಪಕ್ಕದಲ್ಲಿ ಉಂಟು. ಇನ್ನೂ ಬರಿ ನೀರು. ಬಾ ಮಾರಾಯ್ತಿ.

ಈಗ, ತಳದಲ್ಲಿ, ಒಂಚೂರು ನೀಲಿ ಬಂದ ಹಾಗೆ —