ರೇಡಿಯೋದಲ್ಲಿ ಹೇಳಿದ ಪತ್ತ್

ದೇರೆಬೈಲ್, ಮಂಗಳೂರು
೧೪ ನವೆಂಬರ್ ೨೦೨೪

ನಿರೀಕ್ಷಾಳ ಅಪ್ಪನಿಗೆ, ಹೇಮಾಕ್ಷಿಯ ಪ್ರೀತಿ.

ಫೋನಿನಲ್ಲಿ ಹೇಳಿದರೆ ನೆಟ್‌ವರ್ಕ್ ಇಲ್ಲ ಎಂದು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನೀವು ಒಮಾನಿನಿಂದ ಕಳಿಸಿದ ಖರ್ಜೂರ ತಲುಪಿತು. ತಂದವನು ಕಂಕನಾಡಿಯ ಡೆನಿಸ್, ಎಣ್ಣೆಬಾವಿ ಕೊರೆಯುವ ರಿಗ್ಗಿನಲ್ಲಿ ನಿಮ್ಮ ಕೈಕೆಳಗಿದ್ದವನು. ಅವನು ರಜೆಯಲ್ಲಿ ಬರುತ್ತಾನೆ ಎಂದಿದ್ದಿರಿ. ಕೆಲಸದಿಂದಲೇ ತೆಗೆದಿದ್ದಾರಂತೆ.

ಬಂಗುಡೆ ಪುಳಿಮುಂಚಿ ಬಡಿಸಿ ಮೆಲ್ಲ ಕೇಳಿದೆ. ಎಣ್ಣೆಬಾವಿಯಲ್ಲಿ ಸಿಕ್ಕಿಕೊಂಡ ಪೈಪನ್ನು ಆಳದಲ್ಲೇ ಕೊಯ್ಯಬೇಕಿತ್ತಂತೆ. ಒಳಗೆ ಇಳಿಸಿದ ಕಟರ್ ಪೈಪಿನ ಸರಿ ನಡುವೆ ನಿಲ್ಲಬೇಕು, ಒಳಗೆ ತುಕ್ಕು ಕಟ್ಟಿರಬಾರದು, ಕೆಳಗಿನ ಬಿಸಿಯನ್ನು ಅದು ತಾಳಬೇಕು. ಅದೆಲ್ಲ ಸರಿಯಿದ್ದರೂ ಮೇಲಿನಿಂದ ಪೈಪನ್ನು ಎಳೆದು ಹಿಡಿಯದಿದ್ದರೆ ಅದರ ಭಾರವೇ ಅಲಗನ್ನು ಕಚ್ಚಿಕೊಳ್ಳುತ್ತದಂತೆ. ಅಷ್ಟು ನನಗೂ ಅರ್ಥವಾಗುತ್ತದೆ. ಮಲ್ಲಿಗೆ ಕಟ್ಟುವ ಬಾಳೆನಾರನ್ನೂ ಎಳೆದು ಹಿಡಿದೇ ಕೊಯ್ಯುವುದು.

ಇನ್ನೂ ಹತ್ತು ಟನ್ ಎಳೆಯಬೇಕಿತ್ತು, ನಾನು ಎಳೆಯಲಿಲ್ಲ, ಕಟರ್ ಒಳಗೇ ಸಿಕ್ಕಿತು, ತಪ್ಪು ನನ್ನದೇ ಅಕ್ಕ ಎಂದ. ಎಷ್ಟು ಎಳೆಯಬೇಕೆಂದು ನಮ್ಮವರು ರೇಡಿಯೋದಲ್ಲಿ ಯಾವ ಭಾಷೆಯಲ್ಲಿ ಹೇಳಿದ್ದು ಎಂದು ಕೇಳಿದೆ. ತುಳುವಿನಲ್ಲಿ, ಪತ್ತ್ ಎಂದರು ಎಂದು ತಟ್ಟೆ ನೋಡಿಕೊಂಡೇ ಹೇಳಿದ.

ನನಗೆ ಅಷ್ಟು ಸಾಕಾಯಿತು. ತುಳುವಿನಲ್ಲಿ ಹತ್ತಕ್ಕೂ ಪತ್ತ್, ಹಿಡಿ ಎನ್ನಲಿಕ್ಕೂ ಪತ್ತ್. ನೀವು ಹತ್ತು ಎಂದು ಪತ್ತ್ ಎಂದಿರಿ. ಮನೆಯಲ್ಲಿ ಕೊಂಕಣಿ ಮಾತಾಡುವವನು ಅವನು, ಇದ್ದಲ್ಲೇ ಹಿಡಿ ಎಂದು ತಿಳಿದು ಎಳೆಯುವುದನ್ನೇ ನಿಲ್ಲಿಸಿದ. ರೇಡಿಯೋದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಆಡಬಾರದೆಂದು ನಿಯಮ ಉಂಟೆಂದು ನೀವೇ ಹೇಳಿದ್ದಿರಿ. ವಿಚಾರಣೆಯಲ್ಲಿ ಮಾತ್ರ ಹತ್ತು ಟನ್ ಎಂದೇ ಹೇಳಿದ್ದೆ ಎಂದು ಬರೆದುಕೊಟ್ಟಿದ್ದೀರಂತೆ. ಅದು ಸುಳ್ಳಲ್ಲ, ನಿಜವೂ ಅಲ್ಲ ಮಾರಾಯ್ರೆ.

ವಿಚಾರಣೆಯಲ್ಲಿ ಬಾಯಿ ಬಿಡದೆ ಎಂತಕ್ಕೆ ಬಂದೆ ಎಂದು ಅವನಿಗೆ ಬೈದೆ. ಅಣ್ಣನಿಗೆ ಸಂಸಾರ ಉಂಟಲ್ಲ ಅಕ್ಕ, ನಾನು ಒಬ್ಬನೇ ಎಂದ. ಒಬ್ಬನೇ ಎಲ್ಲಿಂದ, ಜನವರಿಯಲ್ಲಿ ಮೆಲಿಸಾಳ ಜೊತೆ ಮದುವೆ. ಈ ತಪ್ಪು ಅವನ ಹೆಸರಿನಲ್ಲೇ ಉಳಿದರೆ ಇನ್ಯಾವ ರಿಗ್ಗಿನವರೂ ಅವನನ್ನು ಕರೆಯುವುದಿಲ್ಲ.

ನಿಮ್ಮ ಮೇಲೆ ಸಿಟ್ಟುಂಟು, ಅದಕ್ಕಿಂತ ಹೆಚ್ಚು ಪ್ರೀತಿಯುಂಟು. ಹೆದರಿದ್ದೀರಿ, ಗೊತ್ತು. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕೆಲಸ ಹೋದರೆ ಮನೆಗೆ ಬನ್ನಿ, ವರ್ಷಕ್ಕೆ ಒಂದು ತಿಂಗಳ ಗಂಡ ನನಗೂ ಸಾಕಾಗಿದೆ.

ನಿಮ್ಮದೇ
ಹೇಮಾ

ಮರೆತೆ: ನನ್ನ ಕನ್ನಡ ತಿದ್ದಲು ಕಾಗದವನ್ನು ನಿರೀಕ್ಷಾಳಿಗೆ ಕೊಟ್ಟಿದ್ದೆ. ಎರಡು ಒತ್ತಕ್ಷರ ಸರಿಮಾಡಿದಳು. ಪಪ್ಪ ನಿಜ ಹೇಳದೆ ಇರುವುದಿಲ್ಲ ಅಮ್ಮ ಎಂದು ಹೇಳಿ ಕಾಲೇಜಿಗೆ ಹೋದಳು.